ಡವಡವ ತಾಸು

೪ ಜನವರಿ ೧೯೯೨, ಶನಿವಾರ

ಕೊನೆಯ ತಾಸು ನನ್ನದು. ಹತ್ತನೆಯ ತರಗತಿಯ ಹುಡುಗಿಯರು ಎಂದಿನಂತೆ ಬೆಂಚು ಸರಿಸಿ ಗೋಡೆಗೆ ಒರಗಿ ಕೂತರು. ಟೈಮ್‌ಟೇಬಲ್ಲಿನಲ್ಲಿ ಇದರ ಹೆಸರು ‘ಮಾರ್ಗದರ್ಶನ ಮತ್ತು ಸಲಹೆ’. ಹುಡುಗಿಯರ ಬಾಯಲ್ಲಿ ‘ಡವಡವ ತಾಸು’. ಪರೀಕ್ಷೆ ನೆನೆದರೆ ಎದೆ ಡವಡವ ಅನ್ನುವವರು ಅದನ್ನು ಬಾಯಿಬಿಟ್ಟು ಹೇಳುವ ತಾಸು. ಗುಲಬರ್ಗಾದ ಟ್ರೇನಿಂಗ್ ಕಾಲೇಜಿನವರ ಪ್ರಯೋಗ ಇದು. ಕನ್ನಡ ಕಲಿಸಿಕೊಂಡಿದ್ದ ನನ್ನನ್ನು ಒಂದು ವಾರ ತರಬೇತಿಗೆ ಕೂಡಿಸಿ ಸಲಹೆಗಾರ್ತಿ ಮಾಡಿಬಿಟ್ಟರು. ಸಲಹೆ ಕೊಡುವುದು ಕಡಿಮೆ. ಕೇಳಿಸಿಕೊಳ್ಳುವುದೇ ಹೆಚ್ಚು.

ಅತನೂರಿನ ಅಂಬುಬಾಯಿ ಇವತ್ತು ಮೊದಲ ಸಲ ಮಾತಾಡಿದಳು. ಕಳೆದ ವರ್ಷ ಗಣಿತದ ಪೇಪರ್ ಕೈಗೆ ಬಂದ ಕೂಡಲೇ ಹಾಲ್ ಬಿಟ್ಟು ಓಡಿ ಫೇಲಾದವಳು. ಈಗ ಶಾಲೆಯ ಹಾಜರಿಯಲ್ಲಿ ಹೆಸರಿಲ್ಲ. ಈ ಒಂದು ತಾಸಿಗಾಗಿ ಬಸ್ ಹತ್ತಿ ಬರುತ್ತಾಳೆ.

“ಗಣಿತ ಬರ್ತಿತ್ರಿ ಟೀಚರ್. ಕುಂಡ್ರಾಕ ಆಗ್ಲಿಲ್ರಿ,” ಅಂದಳು. ಅಷ್ಟೇ. ಅಷ್ಟಕ್ಕೆ ಎಷ್ಟು ವಾರ ಕಾದಿದ್ದೆ...

೨೮ ಜನವರಿ

ಹೆಡ್‌ಮಾಸ್ಟರ್ ವಿಠ್ಠಲರಾಯರು ಕರೆಸಿದರು. ಶನಿವಾರ ಕಾಲೇಜಿನಿಂದ ಧರ್ಮಣ್ಣ ಅನ್ನುವ ಲೆಕ್ಚರರ್ ಬರುತ್ತಾರಂತೆ. ಈ ತಾಸಿನಿಂದ ಉಪಯೋಗ ಆಗಿದೆಯೋ ಇಲ್ಲವೋ, ಮೌಲ್ಯಮಾಪನ.

“ಉಪಯೋಗ ಇಲ್ಲಂದ್ರ ಗಣಿತಕ್ಕ ಕೊಟ್ಟಬಿಡ್ತೇನಿ. ಬ್ಯಾಸರ ಮಾಡ್ಕೋಬ್ಯಾಡ್ರಿ,” ಅಂದರು ರಾಯರು. ಅವರ ತಪ್ಪಲ್ಲ. ರಿಜಲ್ಟಿನ ಚಿಂತೆ ಅವರಿಗೆ. ಆದರೆ ಈ ತಾಸು ಹೋದರೆ ಅಂಬುಬಾಯಿಗೆ ಶಾಲೆಯ ಬಾಗಿಲೇ ಇಲ್ಲ. ಮತ್ತೆ ಒಬ್ಬಳೇ ಹೋಗಿ ಕೂರಬೇಕು ಆ ಹಾಲ್‌ನಲ್ಲಿ.

ಊಟ ಸೇರುತ್ತಿಲ್ಲ. ಪರೀಕ್ಷೆಗೆ ಹೆದರಬೇಡಿ ಅಂತ ವರ್ಷವಿಡೀ ಹೇಳಿದವಳ ಗತಿ ಇದು!

೧ ಫೆಬ್ರವರಿ, ಮಧ್ಯಾಹ್ನ

ಧರ್ಮಣ್ಣನವರು ಬಂದರು. ಮೆತ್ತಗಿನ ಮನುಷ್ಯ. ಬಾಗಿಲಲ್ಲಿ ನಿಂತಿದ್ದೆ, ಅಂಬುಬಾಯಿ ಹತ್ತಿರ ಬಂದು ಮೆಲ್ಲಗೆ ಅಂದಳು: “ಟೀಚರ್ರಿ, ನಿಮ್ಮ ಕೈ ನಡಗಾಕತ್ತಾವ. ಕಾಲ ನೆಲಕ್ಕ ಗಟ್ಟಿ ಊರ್ರಿ. ಮೊದಲ ಉಸರ ಬಿಡ್ರಿ.” ನಾನೇ ಕಲಿಸಿದ ಪಾಠ. ಊರಿದೆ, ಬಿಟ್ಟೆ. ಕೈ ನಿಂತಿತು. ಈ ಹುಡುಗಿಗೆ ಏನು ಕೊಟ್ಟರೆ ತೀರೀತು?

ಆಮೇಲೆ ನಡೆದದ್ದು ಮಾತ್ರ ಬೇರೆ. ಛಾಪಿಸಿದ ಪ್ರಶ್ನೆಗಳ ಹಾಳೆ ಹಂಚಿದರು. ‘ಪರೀಕ್ಷೆಗೆ ಮುನ್ನ ನಿಮಗೆ ಆತಂಕ ಉಂಟಾಗುತ್ತದೆಯೇ?’ ‘ಮನೆಯಲ್ಲಿ ಆತಂಕವನ್ನು ಯಾರಿಗಾದರೂ ತಿಳಿಸುತ್ತೀರಾ?’ ಹೀಗೇ ಉದ್ದಕ್ಕೂ. ಎಲ್ಲರೂ ಎಲ್ಲದಕ್ಕೂ ‘ಇಲ್ಲ’. ಅಂಬುಬಾಯಿಯೂ!

ರಾಯರು ಹಾಳೆ ತಿರುವಿ ನಕ್ಕರು. “ಅಂಜಿಕಿನೇ ಇಲ್ಲಂದ ಮ್ಯಾಲ ಔಷಧ ಯಾಕ ಬೇಕ್ರಿ?”

ಧರ್ಮಣ್ಣನವರು ಹಾಳೆ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಅತ್ತೆ ಅಂತಲೇ ಬರೆಯುತ್ತೇನೆ, ಇಲ್ಲಿ ಯಾರ ಮುಂದೆ ನಾಚಿಕೆ?

ಅದೇ ದಿನ, ಸಂಜೆ

ಹಿಂದಿ ಕಲಿಸುವ ಗೌಸಿಯಾಬೇಗಂ ಹುಡುಗಿಯರನ್ನು ಹಿಡಿದು ಕೇಳಿದರು — ಹಂಗ್ಯಾಕ ಬರದ್ರಿ ಬೇ? ಕೊನೆಗೆ ಅಂಬುಬಾಯಿಯೇ ಬಾಯಿ ಬಿಟ್ಟಳು:

“ರೇಡಿಯೋದಾಗ ದಿನಾ ಹಿಂದಿ ಸಮಾಚಾರದಾಗ ಬರ್ತದಲ್ರಿ, ಆತಂಕವಾದಿ, ಆತಂಕವಾದಿ ಅಂತ. ಬಂದೂಕಿನವ್ರು. ಮನ್ಯಾಗ ಆತಂಕ ಅದ ಅಂತ ಬರದ್ರ ಪೊಲೀಸ್ರು ಬರ್ತಾರಂತ ಎಲ್ಲಾರೂ ಇಲ್ಲ ಅಂದೇವ್ರಿ.”

ಗೌಸಿಯಾ ನಗು ತಡೆಯಲಾರದೆ ಕುರ್ಚಿ ಹಿಡಿದು ನಿಂತರು, ನಾನೂ ನಕ್ಕೆ. ಆಮೇಲೆ ನನ್ನನ್ನು ದೂಡಿದರು. “ನಕ್ಕೋತ ಏನ ನಿಂತ್ರಿ ಸುಲಭಾಬಾಯಿ, ಬಸ್ ಹೋಗ್ತದ.”

ಸೀರೆ ಎತ್ತಿಕಟ್ಟಿ ಪೇಟೆಯ ನಡುವೆ ಓಡಿದೆ. ಬಸ್ಸಿನ ಕಿಟಕಿಯಿಂದ ಧರ್ಮಣ್ಣನವರು ಎಲ್ಲ ಕೇಳಿದರು. ಕಂಡಕ್ಟರ್ ಸೀಟಿ ಹೊಡೆದೇ ಹೊಡೆದ.

“ಮುಂದಿನ ಶನಿವಾರ ಬರ್ತೇನ್ರಿ. ಹಾಳಿ ತರಂಗಿಲ್ಲ,” ಅಂದರು ಧರ್ಮಣ್ಣನವರು.

ಗೌಸಿಯಾಗೆ ನಾಳೆ ಹೋಳಿಗೆ ಮಾಡಿ ಒಯ್ಯಬೇಕು.

೮ ಫೆಬ್ರವರಿ

ಬಂದರು. ಹುಡುಗಿಯರ ಜೊತೆ ನೆಲಕ್ಕೇ ಕೂತರು. ಬಿ.ಎಸ್ಸಿ. ಪರೀಕ್ಷೆಯಲ್ಲಿ ಕೈ ನಡುಗಿ, ತಮ್ಮ ಹೆಸರು ಬರೆಯುವ ಕಡೆ ಊರ ಹೆಸರು ಬರೆದದ್ದನ್ನು ಹೇಳಿದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಧರ್ಮಣ್ಣನವರು ಕೇಳಿದರು, “ನಿಮಗ ಎದಿ ಡವಡವ ಅಂತದೇನು?”

ಕೈಗಳೇ ಕೈಗಳು. ಹೊಟ್ಟೆ ತೊಳಸುವವರು, ಗಂಟಲು ಒಣಗುವವರು. ಈಗ ಕಡಿಮೆ ಆಗಿದೆಯೇ ಅಂದರೆ ಹೆಚ್ಚಿನವರು ಹೌದು ಅಂದರು. ಮುಂದೆ ಕೂತ ಇಬ್ಬರು ಈ ತಾಸಿನಲ್ಲಿ ನಿದ್ದೆ ಚಲೋ ಬರುತ್ತದೆ ಅಂದರು. ಅದೂ ವರದಿಗೆ ಹೋಗುತ್ತದಂತೆ, ಹೋಗಲಿ. ಅಂಬುಬಾಯಿ, “ಇನ್ನಾ ಗೊತ್ತಿಲ್ರಿ. ಹಾಲ್‌ನ್ಯಾಗ ಕುಂತ ಮ್ಯಾಲ ಹೇಳ್ತೇನಿ,” ಅಂದಳು.

ಆಫೀಸಿನಲ್ಲಿ ರಾಯರ ಮುಂದೆ ಧರ್ಮಣ್ಣನವರು ಸ್ಪಷ್ಟವಾಗಿ ಹೇಳಿದರು: “ಸರ, ತಪ್ಪ ನನ್ನ ಪ್ರಶ್ನಿದು, ಹುಡುಗ್ಯಾರದಲ್ಲ. ಪರೀಕ್ಷಾ ತನಕ ಈ ತಾಸು ನಡೀಬೇಕಂತ ಬರೀತೇನಿ.” ರಾಯರು ಟೈಮ್‌ಟೇಬಲ್ ಎಳೆದುಕೊಂಡು ಅಂದರು, “ಆಯ್ತ್ರಿ. ಗಣಿತಕ್ಕ ಮುಂಜಾನಿ ತಾಸು ಹುಡುಕ್ತೇನಿ.” ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ.

೬ ಏಪ್ರಿಲ್, ಬೆಳಗ್ಗೆ

ಎರಡು ತಿಂಗಳು ಇದನ್ನು ಮುಟ್ಟಿಲ್ಲ. ಬರೆಯುವಷ್ಟು ತಳಮಳವೇ ಇರಲಿಲ್ಲ. ಇವತ್ತು ಗಣಿತ.

ಸೆಂಟರ್ ಎದುರಿನ ಯಾಕೂಬಸಾಬರ ಹೋಟೆಲಿನಲ್ಲಿ ಕೂತಿದ್ದೇನೆ. ಬರೆಯದಿದ್ದರೆ ನಾನೇ ಒಳಗೆ ಓಡಿಯೇನು. ಅಂಬುಬಾಯಿ ಒಳಗೆ ಹೋಗುವಾಗ ಹಿಂತಿರುಗಿ ನೋಡಲಿಲ್ಲ.

ಬೆಲ್ ಆಯಿತು. ಈಗ ಪೇಪರ್ ಕೊಟ್ಟಿರುತ್ತಾರೆ. ಹೋದ ವರ್ಷ ಓಡಿ ಬಂದದ್ದು ಇದೇ ಹೊತ್ತಿಗೆ.

ಗೇಟಿನಲ್ಲಿ ಯಾರೂ ಇಲ್ಲ.

ಈಗಲೂ ಇಲ್ಲ. ಯಾಕೂಬಸಾಬರು ಕೇಳದೆಯೇ ಇನ್ನೊಂದು ಚಹಾ ಇಟ್ಟರು. “ಪರೀಕ್ಷಾ ಹುಡುಗೀದೋ ನಿಮ್ದೋ, ಬಾಯಿ?” ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ

ಕೊನೆಯ ಬೆಲ್ ಆದ ಮೇಲೆ ಎಲ್ಲರ ಹಿಂದೆ ಬಂದಳು. ಅಳುತ್ತಾ. ಕೈಹಿಡಿದು ಹೋಟೆಲಿಗೆ ಕರೆತಂದು ಕೂರಿಸಿದೆ. ಏನಾಯಿತೇ ಅಂದೆ.

“ಪೇಪರ ಕಸ್ಗೊಂಡ್ರು ಟೀಚರ್! ಕಡೀ ಲೆಕ್ಕ ಅರ್ಧಾ ಆಗಿತ್ತು. ಇನ್ನ ಹತ್ತ ನಿಮಿಷ ಕೊಟ್ಟಿದ್ರ ಅವರ ಗಂಟೇನ ಹೋಗ್ತಿತ್ರಿ?”

ಕೂರಲು ಆಗದವಳು ಎಬ್ಬಿಸಿದ್ದಕ್ಕೆ ಅಳುತ್ತಿದ್ದಾಳೆ. ದೇವರೇ, ಈ ಅಳು ನೋಡಿ ಇಷ್ಟು ಖುಷಿಪಟ್ಟದ್ದಕ್ಕೆ ಕ್ಷಮೆ ಇರಲಿ. ಎದುರಿಗೇ ಕೂತಿದ್ದಾಳೆ. ಉಳಿದರ್ಧ ಲೆಕ್ಕ ಇಲ್ಲೇ ಬಿಡಿಸಿ ತೋರಿಸುತ್ತಾಳಂತೆ, ಪೆನ್ ಕೊಡ್ರಿ ಅನ್ನುತ್ತಿದ್ದಾಳೆ. ಇರು ಅಂದರೆ ಕೇಳುವುದಿಲ್ಲ. ನನ್ನ ಹತ್ತಿರ ಇರುವುದು ಇದೊಂದೇ —