ದುಮ್ಮವಾಡದ ರೋಬೋ ಸುಮ್ಮನೆ ಕೂತಿರಲಿಲ್ಲ

ಜಿಲ್ಲಾ ರೋಬೋ ಸ್ಪರ್ಧೆಯ ಮುಖ್ಯ ತೀರ್ಪುಗಾರರಿಗೆ,

ಮಾನ್ಯರೇ, ತಾವು ಆರೋಗ್ಯವೇ? ಮೈಕಿನಲ್ಲಿ ಹೆಸರು ಕೂಗಿ ಕೂಗಿ ದನಿ ಕಳೆದುಕೊಂಡ ಅನ್ನಪೂರ್ಣಾ ಬಾಯಿಯವರ ಗಂಟಲು ಸರಿಹೋಯಿತೇ? ದಿನವಿಡೀ ಚಹಾ ಹಂಚಿದ ಹನಮಪ್ಪನ ಕಾಲುನೋವು ಹೇಗಿದೆ? ಇಲ್ಲಿ ನನ್ನ ಮನೆಯಾಕೆ ಖಾದರಬಿ ಕ್ಷೇಮ. ಮೊಮ್ಮಗಳು ಅತಿಯಾ ಮಾತ್ರ ಕ್ಷೇಮವಿಲ್ಲ. ಅದಕ್ಕೆ ಕಾರಣ ತಾವು.

ಸಂಶಿಯ ಅತಿಯಾಳ ತಂಡಕ್ಕೂ ದುಮ್ಮವಾಡದ ಭಾಗ್ಯಾಳ ತಂಡಕ್ಕೂ ಜೋಡಿ ಹಾಕಿದವರು ತಾವೇ. “ಮಿತ್ರ ತಂಡಗಳು ಪಾತ್ರ ಹಂಚಿಕೊಂಡು ಆಡಬೇಕು” ಎಂದು ಅರ್ಧ ತಾಸು ಭಾಷಣ ಮಾಡಿದವರೂ ತಾವೇ. ಹುಡುಗಿಯರು, ಪಾಪ, ಅದನ್ನು ನಂಬಿದರು. ರೋಬೋ ಡಬ್ಬಿ ಎತ್ತಿಕೊಂಡು ಇಳಿಜಾರು ಹಲಗೆ ಏರಬೇಕು. ನಮ್ಮದು ಡಬ್ಬಿ ಎತ್ತಿದ ಕೂಡಲೇ ಹಿಂಬದಿ ಮೇಲೆದ್ದು, ಗಾಲಿಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಭಾಗ್ಯಾ ನೋಡಿ ನಕ್ಕಳು.

“ಲೇ ಅತಿಯಾ, ನಿಂದು ಮುಗ್ಗರಿಸ್ತೈತಿ. ನಂದು ಹಿಂದ ಹತ್ತಿ ಕುಂದರತೈತಿ, ನೀ ನಡಿ.”

“ಮತ್ತ ನಿನ್ನ ಡಬ್ಬಿ?”

“ನಿಂದು ನಂದಲ್ಲೇನ ಬೇ?”

ಹಾಗೆ ಒಂದರ ಬೆನ್ನ ಮೇಲೊಂದು ಕೂತು, ಡಬ್ಬಿಗಳನ್ನೆಲ್ಲ ಮೇಲೆ ಮುಟ್ಟಿಸಿ ಗೆದ್ದವು. ತಾವು ಘೋಷಿಸಿದ್ದೇನು? ಸಂಶಿಯ ತಂಡ ರಾಜ್ಯಮಟ್ಟಕ್ಕೆ. ದುಮ್ಮವಾಡದ ರೋಬೋ “ನಿಷ್ಕ್ರಿಯ”, ಆದ್ದರಿಂದ ಆ ತಂಡ ಮನೆಗೆ.

ನಿಷ್ಕ್ರಿಯವೇ? ಅಲುಗಾಡುವುದೇ ಕೆಲಸವೆಂದಾದರೆ ತಮ್ಮ ತಲೆಯ ಮೇಲಿನ ಫ್ಯಾನಿಗೆ ಪ್ರಥಮ ಬಹುಮಾನ ಸಲ್ಲಬೇಕಿತ್ತು. ತಾವಾದರೂ ಬೆಳಗಿನಿಂದ ಕುರ್ಚಿ ಬಿಟ್ಟೇಳದೆ ತೀರ್ಪು ಕೊಟ್ಟಿರಿ. ತಮ್ಮನ್ನು ಯಾರಾದರೂ ಮನೆಗೆ ಕಳಿಸಿದರೇ?

ನಾನು ಹೆಚ್ಚು ಶಾಲೆ ಕಲಿತವನಲ್ಲ. ಆದರೆ ಭಾರಕ್ಕೆ ಕೂಡುವ ಈ ಹುದ್ದೆಯ ಅನುಭವ ನನಗುಂಟು. ಚಿಕ್ಕವನಿದ್ದಾಗ ಎತ್ತು ನಮ್ಮವು, ಕಳೆ ತೆಗೆಯುವ ಕುಂಟಿ ಗೆಳೆಯ ತಿರಕಪ್ಪನ ಮನೆಯದು. ಕುಂಟಿ ಹಗುರಾದರೆ ಎರೆಮಣ್ಣಿಗೆ ಇಳಿಯದೆ ಮೇಲೆಮೇಲೆ ಜಾರುತ್ತದೆ. ಅದಕ್ಕೇ ಭಾರಕ್ಕೆಂದು ನನ್ನನ್ನು ಕೂಡ್ರಿಸುತ್ತಿದ್ದರು. ನಾನು ಕಡ್ಡಿಯಂತಿದ್ದೆ; ಸಾಲದೆಂದು ತೊಡೆಯ ಮೇಲೊಂದು ಕಲ್ಲು. ಕಲ್ಲಿಗೂ ನನಗೂ ಒಂದೇ ದರ್ಜೆ. ಆದರೂ ಬುತ್ತಿ ಬಿಚ್ಚಿದಾಗ ತಿರಕಪ್ಪನ ಅಪ್ಪ ಒಮ್ಮೆಯೂ “ಇವ ಸುಮ್ನ ಕುಂತಿದ್ದಾ, ಇವಗ ರೊಟ್ಟಿ ಬ್ಯಾಡ” ಅಂದವರಲ್ಲ.

ಇದನ್ನೇ ಹೇಳಲು ವೇದಿಕೆಗೆ ಬಂದಾಗ, “ಅಜ್ಜಾರ, ನಿಯಮದಾಗ ಹಂಗ ಕುಂದ್ರೂದು ಇಲ್ಲರಿ” ಎಂದಿರಿ.

“ಕುಂದರಬಾರದು ಅಂತ ಐತೇನ್ರಿ?” ಎಂದೆ.

ಹಾಳೆ ತಿರುವಿ ನೋಡಿ, “ಅದೂ ಇಲ್ಲರಿ. ನೀವು ಕೂಡ್ರಿ” ಎಂದಿರಿ.

ಈಗ ಭಾಗ್ಯಾ ಬರದಿದ್ದರೆ ತಾನೂ ರಾಜ್ಯಮಟ್ಟಕ್ಕೆ ಹೋಗುವುದಿಲ್ಲವೆಂದು ಅತಿಯಾಳ ಹಟ. “ಅಕಿ ಇಲ್ದ ನಂದು ಅಲ್ಲೂ ಮುಗ್ಗರಿಸ್ತೈತಿ, ಅಜ್ಜಾ” ಎನ್ನುತ್ತಾಳೆ. ಭಾರವೇ ತಾನೆ ಬೇಕಾದ್ದು ಎಂದು ಖಾದರಬಿ ರೋಬೋದ ಬೆನ್ನ ಮೇಲೆ ಗೋಧಿಹಿಟ್ಟಿನ ಚೀಲ ಇಟ್ಟಳು. ಮೊದಲ ತಿರುವಿನಲ್ಲೇ ರೋಬೋ ಅತ್ತ, ಚೀಲ ಇತ್ತ. ಭಾಗ್ಯಾಳ ರೋಬೋ ತಿರುವಿಗೆ ತಕ್ಕಂತೆ ವಾಲಿಕೊಂಡು ಕೂತಿತ್ತೆಂಬುದು, ಕಸಬರಿಗೆ ಹಿಡಿದು ಪಡಸಾಲೆ ಗುಡಿಸುವಾಗ ನನಗೆ ಅಗದಿ ಸ್ಪಷ್ಟವಾಯಿತು. ತಮಗೂ ಸ್ಪಷ್ಟವಾಗಬೇಕಿದ್ದರೆ ಇನ್ನೊಂದು ಚೀಲ ಇದೆ, ತಮ್ಮ ಕಚೇರಿಗೇ ತರುತ್ತೇನೆ.

ಆದ್ದರಿಂದ ದುಮ್ಮವಾಡದ ಹೆಸರನ್ನೂ ಸೇರಿಸಿ ಎರಡೂ ತಂಡಗಳನ್ನು ಜೋಡಿಯಾಗಿಯೇ ರಾಜ್ಯಮಟ್ಟಕ್ಕೆ ಕಳಿಸತಕ್ಕದ್ದು. ಗಾಡಿಯಲ್ಲಿ ಜಾಗವಿಲ್ಲವೆಂದು ಮಾತ್ರ ಹೇಳಬೇಡಿ; ರೋಬೋಗಳು ಒಂದರ ಮೇಲೊಂದು ಕೂತೇ ಬರುತ್ತವೆ.

ಉತ್ತರ ಬೇಗ ಬರೆಯಿರಿ. ದುಮ್ಮವಾಡಕ್ಕೆ ಹಾಕಿದರೂ ನಡೆದೀತು. ಭಾಗ್ಯಾ ನಮ್ಮನ್ನು ಬಿಟ್ಟು ಒಬ್ಬಳೇ ಓದುವವಳಲ್ಲ.

ಇಂತಿ,
ತಮ್ಮ ಅಪ್ಪಣೆಯಂತೆ ಇನ್ನೂ ಕೂತೇ ಇರುವ
ಜಹೀರುದ್ದೀನ, ಸಂಶಿ