ಹೆರಿಗೆ ವಾರ್ಡ್ ಉಳಿದ ಬಗೆ

ಹೊಲಿಗೆ ಅಂಗಡಿಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೂಜಿ,

ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ, ಮಂಡಿ ಮಾತ್ರ ಅದರ ಪಾಡಿಗೆ ಅದು ಗೊಣಗುತ್ತಿರುತ್ತದೆ. ಪುರಭವನದ ಸಭೆಯಾದ ಮೇಲೆ ನೀನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾಡಿದ್ದರೂ ಊಟ ಆಯ್ತಾ ಎಂದು ಕೇಳಿ, ಆಯ್ತು ಎಂದು ಹೇಳಿ, ಮುಖ್ಯವಾದದ್ದನ್ನೆಲ್ಲ ಬಿಟ್ಟು ಇಟ್ಟುಬಿಡುತ್ತಿದ್ದೆವು. ನಮ್ಮಿಬ್ಬರ ಫೋನು ಯಾವಾಗಲೂ ಹಾಗೇ. ಅದಕ್ಕೇ ಬರೆಯುತ್ತಿದ್ದೇನೆ. ಷಟರ್ ಅರ್ಧ ಎಳೆದಿದ್ದೇನೆ, ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿಕೊಂಡಿದ್ದೇನೆ. ಯಾರಾದರೂ ಬಗ್ಗಿ ನೋಡಿದರೆ ಲೆಕ್ಕ ಬರೆಯುತ್ತಿದ್ದಾಳೆ ಅಂದುಕೊಳ್ಳಲಿ.

ನಿನಗೆ ಗೊತ್ತಿರುವುದು ವೇದಿಕೆಯ ಮೇಲಿಂದ ಕಂಡದ್ದು. ಕೆಳಗಿನಿಂದ ಹೇಗೆ ಕಂಡಿತು ಅನ್ನುವುದನ್ನು ನಾನು ಹೇಳುತ್ತೇನೆ.

ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚುತ್ತಾರೆಂಬ ಸುದ್ದಿ ನನಗೆ ತಂದವರು ದೊಡ್ಡ ಸಿಸ್ಟರ್. ಹೆರಿಗೆ ವಾರ್ಡಿನ ಹಿರಿಯ ನರ್ಸು, ನಿನಗೂ ಗೊತ್ತು, ಎಷ್ಟು ಸುಸ್ತಾಗಿದ್ದರೂ ನೆಟ್ಟಗೆ ನಿಲ್ಲುವವರು. ಯೂನಿಫಾರ್ಮಿನ ತೋಳು ಸಡಿಲ ಮಾಡಿಸಲು ಬಂದಿದ್ದರು. ಅಳತೆಗೆಂದು ಕೈ ಎತ್ತಿಕೊಂಡು ನಿಂತೇ ಹೇಳಿದರು.

“ವಾರ್ಡ್ ಮುಚ್ತಾರಂತೆ. ಇನ್ಮೇಲೆ ಹೆರಿಗೆಗೆ ಎಲ್ಲರೂ ಹೊಳೆ ಆಚೆ ದೊಡ್ಡಾಸ್ಪತ್ರೆಗೇ ಹೋಗ್ಬೇಕಂತೆ. ನಮ್ಮ ಕಟ್ಟಡ ಕೆಡವಿ ಕಾರು ನಿಲ್ಸೋ ಕಟ್ಟಡ ಕಟ್ತಾರಂತೆ. ಅದರ ಮೇಲೆ ಯಾರದೋ ಖಾಸಗಿ ಲ್ಯಾಬು.”

ಆಮೇಲೆ ಕೈ ಇಳಿಸಿ, “ಯೋಜನೆ ನಿಮ್ಮ ಮಗಳದ್ದೇ. ನಿಮಗೆ ಗೊತ್ತಿರತ್ತೆ ಅನ್ಕೊಂಡಿದ್ದೆ” ಎಂದರು.

ಗೊತ್ತಿರಲಿಲ್ಲ ಎಂದರೆ ನಿನಗೆ ಅವಮಾನ, ಗೊತ್ತಿತ್ತು ಎಂದರೆ ನನಗೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಬಚಾವಾದೆ.

ಮರುದಿನ ಕ್ಷೌರದವನ ಅಂಗಡಿಯಲ್ಲಿ ಬೀದಿಯವರೆಲ್ಲ ಸೇರಿದರು. ನಾನೂ ಹೋದೆ. ಕನ್ನಡಿಯಲ್ಲಿ ನನ್ನ ಮುಖ ಕಂಡದ್ದೇ ತಡ, ಮಾತು ನಿಂತುಹೋಯಿತು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನೂ ಕತ್ತು ಹೊರಳಿಸಿ ನೋಡಿದ. ಕೊನೆಗೆ ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಶಾಲೆಯಿಂದ ನಿವೃತ್ತರಾಗಿ ಇಷ್ಟು ಕಾಲವಾದರೂ ಕೊರಳಲ್ಲಿ ಸೀಟಿ ಬಿಟ್ಟಿಲ್ಲ ಅವರು.

“ಅಮ್ಮಾ, ನಿಮ್ಮನ್ನ ಬರಬೇಡಿ ಅನ್ನೋಕಾಗಲ್ಲ. ಬನ್ನಿ ಅನ್ನೋಕೂ ಬಾಯಿ ಬರ್ತಿಲ್ಲ” ಎಂದರು.

ಅವರ ತಪ್ಪೇನೂ ಇರಲಿಲ್ಲ. ನಾನು ವಾಪಸು ಬಂದೆ.

ಆ ಸಂಜೆ ಬೀಗ ರಿಪೇರಿಯವನ ಹೆಂಡತಿ ಅಂಗಡಿಗೆ ಬಂದಳು. ನೀನು ಅವಳನ್ನು ನೋಡಿಲ್ಲ. ಗಂಡ ಹೆಂಡತಿ ಹೊಸದಾಗಿ ಬಂದವರು, ಆಸ್ಪತ್ರೆಯ ಹಿಂದುಗಡೆ ಒಂದು ಕೋಣೆ ಹಿಡಿದಿದ್ದಾರೆ. ಹಿಂದೆ ಇದ್ದ ಊರಿನಲ್ಲಿ ಆಸ್ಪತ್ರೆ ದೂರವಿತ್ತಂತೆ. ಚೊಚ್ಚಲು ಮಗು ಬಾಡಿಗೆ ಗಾಡಿಯೊಳಗೆ, ದಾರಿಯಲ್ಲೇ ಹುಟ್ಟಿ, ದಾರಿಯಲ್ಲೇ ಹೋಯಿತಂತೆ. ಈ ಸಲ ಹಾಗಾಗಬಾರದೆಂದು ವಾರ್ಡಿನ ಗೋಡೆಗೆ ಆನಿಕೊಂಡಂತಿರುವ ಮನೆಯನ್ನೇ ಹುಡುಕಿ ಬಂದಿದ್ದರು. ಅವಳು ಕುಲಾವಿ ಹೊಲಿಯಲು ಹೇಳಿ, ಬಟ್ಟೆ ಆರಿಸಿ, ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಆಂಟಿ, ನನಗೆ ದಿನ ತುಂಬೋವರೆಗಾದ್ರೂ ವಾರ್ಡ್ ಇರತ್ತಾ ಅಂತ ನಿಮ್ಮ ಮಗಳನ್ನ ಕೇಳ್ತೀರಾ?”

ಕೇಳುತ್ತೇನೆ ಎಂದೆ. ಆದರೆ ಹೇಗೆ ಕೇಳುವುದೆಂದು ಆ ಹೊತ್ತಿಗೆ ನನಗೇ ತಿಳಿದಿರಲಿಲ್ಲ.

ಮುಂದಿನ ಸಭೆಗೆ ಯಾರೂ ಕರೆಯದೆಯೇ ಹೋಗಿ ಕೂತೆ. ಈ ಸಲ ಅವರಿಗೆ ನನ್ನಿಂದ ಕೆಲಸವಿತ್ತು. “ನಿಮ್ಮದೊಂದು ಫೋನ್ ಸಾಕು, ಅವಳು ನಿಮ್ಮ ಮಾತು ತೆಗೆದುಹಾಕಲ್ಲ” ಎಂದು ಕ್ಷೌರದವನು ಹಿಂದೆ ಬಿದ್ದ. ನೀನು ಚಿಕ್ಕವಳಿದ್ದಾಗ ಜುಟ್ಟು ಕತ್ತರಿಸಿಕೊಟ್ಟದ್ದನ್ನೆಲ್ಲ ನೆನಪಿಸಿದ. ನಾನು ಆಗಲ್ಲ ಎಂದೆ.

“ಮಗಳ ಹತ್ರ ಗುಟ್ಟಾಗಿ ಕೇಳ್ಕೊಳ್ಳಲ್ಲ. ಅಧಿಕಾರಿ ಹತ್ರ ಎಲ್ಲರೆದುರು ಕೇಳ್ತೀನಿ.”

ಮೇಷ್ಟ್ರಿಗೆ ಈ ಮಾತು ಹಿಡಿಸಿತು. ಹಣ್ಣಿನವಳಿಗೆ ಹಿಡಿಸಲಿಲ್ಲ. “ಇವರಿಗೆ ವಾರ್ಡಿನ ಚಿಂತೆ ಎಲ್ಲಿ, ವ್ಯಾಪಾರದ ಚಿಂತೆ. ಮಕ್ಕಳು ಹುಟ್ಟದೆ ಇದ್ರೆ ಕುಲಾವಿ, ಜಬಲ ಯಾರು ತಗೋತಾರೆ?” ಎಂದು ನನಗೆ ಕೇಳಿಸುವ ಹಾಗೆಯೇ ಹೇಳಿದಳು. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಆ ಗೇಟಿನಿಂದಲೇ ಬರುವವರು, ಸುಳ್ಳಲ್ಲವಲ್ಲ. ನೀನೂ ಹಾಗೆಯೇ ಅಂದುಕೊಂಡಿದ್ದರೆ ನನಗೆ ಬೇಸರವಿಲ್ಲ.

ಮೆರವಣಿಗೆಗೆ ಬ್ಯಾನರ್ ಬೇಕು ಎಂದಾಯಿತು. ಹೊಲಿಯುವವರು ಇನ್ಯಾರಿದ್ದಾರೆ? ಬರಹ ಏನಿರಬೇಕೆಂದು ಗಂಟೆಗಟ್ಟಲೆ ಜಗಳವಾಡಿ, ಕೊನೆಗೆ ‘ವಾರ್ಡ್ ಮುಚ್ಚುವ ಅಧಿಕಾರಿಗೆ ಧಿಕ್ಕಾರ’ ಎಂದು ತೀರ್ಮಾನಿಸಿ, ಬಟ್ಟೆ ತಂದು ನನ್ನೆದುರು ಇಟ್ಟು, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ನಾನು ಹೊಲಿದುಕೊಟ್ಟೆ. ಗಾಳಿಗೆ ಹರಿಯಬಾರದೆಂದು ಅಂಚಿಗೆ ಎರಡು ಹೊಲಿಗೆ ಹಾಕಿದೆ. ಅವರು ಬರೆದುಕೊಟ್ಟ ‘ಧಿಕ್ಕಾರ’ದಲ್ಲಿ ಮಹಾಪ್ರಾಣ ಬಿಟ್ಟುಹೋಗಿತ್ತು, ಅದನ್ನೂ ಸರಿಮಾಡಿದೆ. ನಿನ್ನ ಮೇಲಿನ ಧಿಕ್ಕಾರದಲ್ಲಿ ಕಾಗುಣಿತದ ತಪ್ಪಿದ್ದರೆ ನೀನು ಅದನ್ನೇ ಮೊದಲು ನೋಡುತ್ತಿದ್ದೆ.

ಮೆರವಣಿಗೆ ಹೊರಟಿತು. ಮೇಷ್ಟ್ರು ಸೀಟಿ ಊದಿದರು, ಜನ ಸಾಲು ತಪ್ಪಿಯೇ ನಡೆದರು. ಬರುತ್ತೇನೆಂದಿದ್ದ ನಗರಸಭೆ ಸದಸ್ಯ ಬರಲಿಲ್ಲ. ಆಸ್ಪತ್ರೆಯ ಕಿಟಕಿಗಳಲ್ಲಿ ರೋಗಿಗಳು ಮುಖ ಇಟ್ಟುಕೊಂಡು ನೋಡಿದರು. ನಾನು ಕೊನೆಯಲ್ಲಿದ್ದೆ. ಎಲ್ಲರೂ ಧಿಕ್ಕಾರ ಕೂಗಿದಾಗ ನಾನು ಕೂಗಲಿಲ್ಲ. ‘ವಾರ್ಡ್ ಉಳಿಸಿ’ ಎಂದಾಗ ಕೂಗಿದೆ. ಅಷ್ಟು ಮಟ್ಟಿಗೆ ತಾಯಿ, ಇಷ್ಟು ಮಟ್ಟಿಗೆ ಬೀದಿಯ ಕಡೆಯವಳು.

ಇನ್ನು ಸಭೆಯ ದಿನ. ಪುರಭವನದ ಫ್ಯಾನುಗಳು ತಿರುಗುತ್ತಿರಲಿಲ್ಲ, ಜನ ಬಾಗಿಲವರೆಗೂ ತುಂಬಿದ್ದರು. ನೀನು ವೇದಿಕೆಯ ಮೇಲೆ ಆಸ್ಪತ್ರೆ ಮಂಡಳಿಯ ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದೆ. ಸಣ್ಣಗಾಗಿದ್ದೆ. ಕೋಟಿನ ಎಡತೋಳಿನ ಹತ್ತಿರ ಹೊಲಿಗೆ ಬಿಟ್ಟಿದ್ದದ್ದು ನಾನು ಕೂತಲ್ಲಿಗೇ ಕಂಡಿತು. ಅಲ್ಲಿ ಯಾರೂ ಅದನ್ನು ನಿನಗೆ ಹೇಳಲಿಲ್ಲವೇ ಎಂದು ಸ್ವಲ್ಪ ಹೊತ್ತು ಅದೇ ಯೋಚನೆಯಾಯಿತು.

ನೀನು ಚೆನ್ನಾಗಿ ಮಾತಾಡಿದೆ, ಸೂಜಿ. ನಮ್ಮವರು ಗಲಾಟೆ ಮಾಡಿದರೂ ದನಿ ಏರಿಸಲಿಲ್ಲ. ಇಲ್ಲಿ ಹೆರಿಗೆಗಳು ಕಡಿಮೆಯಾಗುತ್ತಿವೆ, ತಜ್ಞ ವೈದ್ಯರು ಈ ಊರಿಗೆ ಬರಲು ಒಪ್ಪುತ್ತಿಲ್ಲ, ಶಸ್ತ್ರಚಿಕಿತ್ಸೆ ಮಾಡುವವರಿಲ್ಲದ ವಾರ್ಡ್ ಇದ್ದೂ ಅಪಾಯವೇ ಎಂದೆ. ನನಗೆ ಅದು ಸುಳ್ಳೆನಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡ ಸಿಸ್ಟರ್ ಕೂಡ ತಲೆ ತಗ್ಗಿಸಿ, “ವೈದ್ಯರ ವಿಷಯ ನಿಜಾನೇ” ಎಂದು ಪಿಸುಗುಟ್ಟಿದರು. ಕ್ಷೌರದವನು ಮಾತ್ರ ಹಿಂದಿನಿಂದ, “ಬೀದೀಲಿ ಬೆಳೆದೋಳು ಬೀದೀನೇ ಮರೆತ್ಲು!” ಎಂದು ಕೂಗಿದ. ನೀನು ಆ ಕಡೆ ನೋಡಲಿಲ್ಲ. ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಇಟ್ಟೆ.

ನಮ್ಮ ಕಡೆಯಿಂದ ಮೇಷ್ಟ್ರು ಮಾತಾಡಬೇಕೆಂದಿತ್ತು. ಊರಿನ ಚರಿತ್ರೆಯಿಂದ ಶುರುಮಾಡಿದರು. ಚರಿತ್ರೆ ಆಸ್ಪತ್ರೆಯ ಶಂಕುಸ್ಥಾಪನೆಗೆ ಬರುವಷ್ಟರಲ್ಲಿ ಅಧ್ಯಕ್ಷರು ಸಮಯ ಆಯಿತು ಎಂದರು. ಇನ್ನು ಒಂದೇ ಪ್ರಶ್ನೆಗೆ ಅವಕಾಶ ಎಂದಾಗ ಮೇಷ್ಟ್ರು ಬೆವರಿಕೊಂಡು ಸುತ್ತ ನೋಡಿದರು. ನಾನು ಎದ್ದು ಮೈಕು ತೆಗೆದುಕೊಂಡೆ. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ.

ನಿನ್ನನ್ನು ಏನೆಂದು ಕರೆಯುವುದೆಂದು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಬಾಯಿಗೆ ತಾನಾಗಿಯೇ ಬಂತು.

“ಮೇಡಮ್, ಒಂದು ಕೇಳಬೇಕಿತ್ತು. ಹೊಳೆ ಆಚೆಗೆ ಕರ್ಕೊಂಡು ಹೋಗೋವಾಗ ದಾರೀಲೇ ಹೆರಿಗೆ ಆದ್ರೆ, ಆ ಗಾಡಿ ಒಳಗೆ ಯಾರಿರ್ತಾರೆ?”

ನಾವಿಬ್ಬರು ಯಾರೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ನಿನ್ನ ಅಧ್ಯಕ್ಷರೊಬ್ಬರನ್ನು ಬಿಟ್ಟು.

ನೀನು, “ಡ್ರೈವರ್ ಇರ್ತಾರೆ” ಎಂದೆ.

“ಮತ್ತೆ?”

ನೀನು ಮುಂದಿದ್ದ ಕಾಗದ ನೋಡಲಿಲ್ಲ, ನನ್ನನ್ನೇ ನೋಡಿದೆ. “ಸದ್ಯಕ್ಕೆ ಅಷ್ಟೇ. ಗಾಡಿಗೆ ನರ್ಸ್ ಬೇಕು ಅಂತ ಕೇಳಿದ್ವಿ, ಮಂಜೂರಾಗಿಲ್ಲ. ಆ ನರ್ಸ್ ಬರೋವರೆಗೆ ವಾರ್ಡ್ ಮುಚ್ಚೋದು ಸರಿಯಲ್ಲ ಅಂತ ನನಗೂ ಅನ್ಸುತ್ತೆ.”

ಅಧ್ಯಕ್ಷರು ಗಕ್ಕನೆ ನಿನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮಾತು ಮೈಕಿನಲ್ಲಿ ಹೋಗಿಯಾಗಿತ್ತು, ಸಭೆಯ ನಡಾವಳಿ ಬರೆದುಕೊಳ್ಳುವವನು ಬರೆದುಕೊಂಡಿದ್ದ. ‘ನನಗೂ’ ಎಂದೆಯಲ್ಲ, ನೀನು ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ವಾರ್ಡ್ ಉಳಿಯುತ್ತಿರಲಿಲ್ಲ. ನಮ್ಮ ಮೇಷ್ಟ್ರು ಈಗ ಎಲ್ಲ ಕಡೆ ತಮ್ಮ ಭಾಷಣದಿಂದ ಉಳಿಯಿತು ಎಂದು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ ಬಿಡು.

ಸಭೆ ಮುಗಿದ ಮೇಲೆ ನೀನು ಹಿಂಬಾಗಿಲಿನಿಂದ ಹೋದೆ. ನಾನು ಮುಂಬಾಗಿಲಲ್ಲಿ ನಿಂತಿದ್ದೆ.

ಆದೇಶ ಬಂದ ದಿನ ಬೀದಿಯಲ್ಲಿ ಸಂಭ್ರಮವೋ ಸಂಭ್ರಮ. ನರ್ಸುಗಳ ನೇಮಕ ಆಗುವವರೆಗೆ ವಾರ್ಡ್ ಹೀಗೇ ಇರುತ್ತದೆ, ಆಮೇಲೆ ಮತ್ತೆ ಪರಿಶೀಲನೆ, ಕಾರು ನಿಲ್ಲಿಸುವ ಕಟ್ಟಡಕ್ಕೆ ಬೇರೆ ಜಾಗ. ಕ್ಷೌರದವನು ಅವತ್ತು ಬಂದವರಿಗೆಲ್ಲ ಬಿಟ್ಟಿ ಕ್ಷೌರ ಮಾಡಿದ. ನಿನ್ನನ್ನು ಆ ಯೋಜನೆಯಿಂದ ತೆಗೆದು ಉಗ್ರಾಣದ ವಿಭಾಗಕ್ಕೆ ಹಾಕಿದ್ದಾರೆಂದು ಅದೇ ದಿನ ದೊಡ್ಡ ಸಿಸ್ಟರ್ ಬಂದು ಹೇಳಿದರು. ಬೀದಿಯಲ್ಲಿ ಆ ಸುದ್ದಿಯೂ ಎಲ್ಲರಿಗೂ ಗೊತ್ತಿತ್ತು. ಆದರೆ ನನ್ನೆದುರು ಯಾರೂ ಎತ್ತಲಿಲ್ಲ. ಹಣ್ಣಿನವಳು ಮಾತ್ರ ಒಂದು ಚೀಲ ಹಣ್ಣು ತಂದು ಮೆಷಿನ್ನಿನ ಪಕ್ಕ ಇಟ್ಟು, “ಹಾಳಾಗ್ತಿತ್ತು, ತಗೊಳ್ಳಿ” ಎಂದು ಹೇಳಿ ಹೋದಳು. ಒಂದೂ ಹಾಳಾಗಿರಲಿಲ್ಲ.

ಬೀಗದವನ ಹೆಂಡತಿಯ ವಿಷಯ ನೀನು ತಿಳಿಯಬೇಕು. ನೋವು ಬಂದಾಗ ಅವಳು ನಡೆದುಕೊಂಡೇ ವಾರ್ಡಿಗೆ ಹೋದಳು. ವೈದ್ಯರು ಪರೀಕ್ಷೆ ಮಾಡಿ, ಮಗು ಅಡ್ಡವಾಗಿದೆ, ಇಲ್ಲಿ ಆಗುವುದಿಲ್ಲ, ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದರು. ನಾವು ಉಳಿಸಿಕೊಂಡ ವಾರ್ಡಿನಿಂದಲೇ ಅವಳನ್ನು ಹೊಳೆಯಾಚೆ ಕಳಿಸಿದರು. ಗಾಡಿಯ ಬಾಗಿಲು ಹಾಕುವಾಗ ಅವಳು ನನ್ನ ಕೈ ಬಿಡಲೇ ಇಲ್ಲ. “ಮತ್ತೆ ಗಾಡಿನೇ ಆಯ್ತಲ್ಲ ಆಂಟಿ” ಎಂದಳು. ದೊಡ್ಡ ಸಿಸ್ಟರ್ ಯಾರ ಅಪ್ಪಣೆಗೂ ಕಾಯದೆ ಏಪ್ರನ್ ಸುತ್ತಿಕೊಂಡು ಹತ್ತಿ ಕೂತರು. ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮಗು ತೆಗೆದರು. ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗುವಿನ ತಲೆ ದೊಡ್ಡದು, ನಾನು ಹೊಲಿದ ಕುಲಾವಿ ಏರುವುದೇ ಇಲ್ಲ.

ನೀನು ವೇದಿಕೆಯ ಮೇಲೆ ಹೇಳಿದ್ದು ನಿಜವಾಯಿತು, ನಾನು ಕೆಳಗಿನಿಂದ ಕೇಳಿದ್ದೂ ನಿಜವಾಯಿತು. ಇದನ್ನು ಬೀದಿಯಲ್ಲಿ ಹೇಳಿದರೆ ಯಾರಿಗೂ ಬೇಡ. ಅದಕ್ಕೇ ನಿನಗೆ ಬರೆದೆ.

ಉಗ್ರಾಣದ ಕೆಲಸ ಹೇಗಿದೆ? ಅಲ್ಲಿ ಧೂಳಿರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ. ಮೇಲಿನವರು ಏನಾದರೂ ಅಂದರೆ ಅನ್ನಲಿ. ಬರುವಾಗ ಆ ಕೋಟು ತಾ, ತೋಳಿಗೆ ಹೊಲಿಗೆ ಹಾಕಿಕೊಡುತ್ತೇನೆ. ಬರುವುದಿಲ್ಲ ಎಂದಿದ್ದರೂ ಸರಿ, ಕೋಟನ್ನಾದರೂ ಕಳಿಸು.

ನಿನ್ನ ಅಮ್ಮ

ವಿ. ಸೂ.: ಮುಂದೆ ಬರೆಯುವಾಗ ಮನೆಯ ವಿಳಾಸಕ್ಕೆ ಬರೆ, ಅಂಗಡಿಗೆ ಬೇಡ. ಕಾರು ನಿಲ್ಲಿಸುವ ಕಟ್ಟಡಕ್ಕೆ ಸಿಕ್ಕ ‘ಬೇರೆ ಜಾಗ’ ನನ್ನ ಅಂಗಡಿ ಮತ್ತು ಅದರ ಹಿಂದಿನ ಖಾಲಿ ನೆಲ. ತೆರವು ಮಾಡಲು ನೋಟಿಸು ಬಂದಿದೆ. ನನಗೆ ಇದು ಹೊಸ ಸುದ್ದಿಯಲ್ಲ. ಸಿಸ್ಟರ್ ಸುದ್ದಿ ತಂದ ಮೇಲೆ, ಸಭೆಗೆ ಎಷ್ಟೋ ದಿನ ಮೊದಲೇ, ಜಾಗ ಅಳೆಯಲು ಬಂದಿದ್ದವರು ನನ್ನಲ್ಲಿ ನೀರು ಕೇಳಿ ಕುಡಿಯುತ್ತಾ ಮಾತಾಡಿಕೊಂಡಿದ್ದರು. ಮೊದಲಿನ ನಕ್ಷೆಯಲ್ಲಿ ಹೋಗಬೇಕಾಗಿದ್ದದ್ದು ಈ ಅಂಗಡಿಯೇ, ಹೊಸ ಮೇಡಮ್ ಬಂದ ಮೇಲೆ ಅದನ್ನು ಉಳಿಸಿ ಹೆರಿಗೆ ವಾರ್ಡಿನ ಕಡೆ ಹಾಕಿದರು ಎಂದು. ನಾನು ನಿನ್ನ ತಾಯಿ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. ನಾನು ಇದನ್ನು ಬೀದಿಯಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮೆಷಿನ್ನು ಎಲ್ಲಿ ಇಟ್ಟರೂ ಓಡುತ್ತದೆ. ಆದರೆ ಅಮ್ಮನ ಅಂಗಡಿಗೋಸ್ಕರ ಎಂಬ ಮಾತು ನಿನ್ನ ಹೆಸರಿಗೆ ಅಂಟಿದ್ದರೆ ಬಿಡಿಸಲು ನನಗೆ ಬರುತ್ತಿರಲಿಲ್ಲ. ನಕ್ಷೆ ಯಾಕೆ ಬದಲಾಯಿತು ಎಂದು ನಾನು ಕೇಳುವುದಿಲ್ಲ. ನೀನೂ ಬರೆಯಬೇಡ.