ಮಲಗಿದಲ್ಲೇ ಸಾವಧಾನ್

ಅಪ್ಪಾ,

ಮಂಜುವಿನ ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ಗುರುವಾರ ಬಂದ ಸ್ಕ್ಯಾನ್ ವರದಿಯಲ್ಲಿ ಹಾಗಿದೆ ಎಂದು ಅವನ ಹೆಂಡತಿ ಸುಧಾ ಫೋನ್ ಮಾಡಿ ಹೇಳಿದಳು. ನಿಮ್ಮ ಮಗನನ್ನೇ ಕೇಳಿದ್ದರೆ "ಏನಿಲ್ಲ ಅಕ್ಕ, ರಿಪೋರ್ಟ್ ಬಂದಿದೆ, ನೋಡ್ಕೊಳ್ಳೋಣ" ಅನ್ನುತ್ತಿದ್ದ. ನೀವು ಹೋದ ಮೇಲೆ ಅವನೂ ನಿಮ್ಮಂತೆಯೇ ಹವಾಲ್ದಾರನಾಗಿ ನಿವೃತ್ತನಾಗಿ ಜಕ್ಕೂರಿನ ಮನೆಗೆ ಬಂದ. ವರ್ಷ ತುಂಬುವುದರೊಳಗೆ ಕಾಯಿಲೆ ಗೊತ್ತಾಯಿತು.

ಅವನು ಸೇನೆಗೆ ಸೇರುವ ಮೊದಲು ನೀವು ಅವನನ್ನು ಜಕ್ಕೂರು ಕೆರೆಯ ಸುತ್ತ ಓಡಿಸುತ್ತಿದ್ದುದು ನೆನಪಿದೆಯೆ? ಏದುಸಿರು ಬಿಡುತ್ತಾ ಕೂತರೆ, "ಪೂರ್ತಿ ಕೆರೆ ನೋಡ್ಬೇಡ ಕಣೋ, ಆ ಮರದ ತನಕ ಬಾ ಸಾಕು" ಅನ್ನುತ್ತಿದ್ದಿರಿ. ಮೊದಲ ಕೀಮೋಗಳನ್ನು ಅವನು ಹಾಗೇ ದಾಟಿದ. ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಗಡ್ಡ ಬೋಳಿಸಿ, ಹಾಸಿಗೆಯ ಸುಕ್ಕು ತೆಗೆದು ಕೂರುತ್ತಿದ್ದ. ಪಕ್ಕದ ಹಾಸಿಗೆಯವರು "ಮಿಲಿಟರಿ ಬಾಡಿ ಗುರೂ ಇದು" ಎಂದು ಅವನನ್ನು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು. ನಾನೂ ತಂದುಕೊಂಡೆ. ಆ ಧೈರ್ಯ ಸುಳ್ಳೆಂದು ಹೇಳಲಾರೆ. ಆದರೆ...

ನಿಮ್ಮ ಕೊನೆಯ ದಿನಗಳ ಆ ವಾರ್ಡು ಕಣ್ಣ ಮುಂದೆ ಬರುತ್ತದೆ. ಡಾಕ್ಟರ್ ರೌಂಡ್ಸಿಗೆ ಬಂದ ಕೂಡಲೇ ನೀವು ಕಾಲು ಜೋಡಿಸಿ, ಕೈಗಳನ್ನು ತೊಡೆಗೆ ಒತ್ತಿ, ಕವಾಯತಿನಲ್ಲಿ ನಿಂತಂತೆ ಮಲಗಿದಲ್ಲೇ ಸಾವಧಾನ್ ಆಗುತ್ತಿದ್ದಿರಿ. ಮಿಲಿಟರಿ ಆಸ್ಪತ್ರೆಯಲ್ಲಿ ಸಾಹೇಬರು ಬಂದಾಗ ರೋಗಿಗಳು ಹಾಗೇ ಇರಬೇಕು ಎಂದು ನೀವೇ ಹೇಳಿದ್ದಿರಿ. ನೋವಿದೆಯಾ ಎಂದು ಕೇಳಿದರೆ "ನಹೀ ಸಾಬ್." ಅವರು ಅತ್ತ ಹೋದ ಮೇಲೆ ಹಲ್ಲು ಕಚ್ಚುತ್ತಿದ್ದಿರಿ. ಯಾಕಪ್ಪಾ? ಹುಷಾರಿಲ್ಲ ಎಂದವನನ್ನು ಡ್ಯೂಟಿ ತಪ್ಪಿಸಿಕೊಳ್ಳುವ ಕಳ್ಳನಂತೆ ನೋಡುವ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತೆ?

ಶುಕ್ರವಾರ ಹೆಬ್ಬಾಳದ ಆಸ್ಪತ್ರೆಯಲ್ಲಿ ಮಂಜುವೂ ಹಾಗೇ ಮಲಗಿದ್ದ. ಡಾಕ್ಟರ್, ನನ್ನ ಮಗಳ ವಯಸ್ಸಿನವರು, "ನೋವು ಹೇಗಿದೆ?" ಅಂದರು.

"ಓಕೆ ಮೇಡಂ."

ಸುಧಾ ತಡೆಯಲಾರದೆ ಎದ್ದಳು. "ಓಕೆ ಅಂತೆ! ರಾತ್ರಿಯೆಲ್ಲ ದಿಂಬು ಕಚ್ಕೊಂಡಿರ್ತಾರೆ. ಇವ್ರನ್ನ ಹಿಂಗೆಲ್ಲ ಕೇಳ್ಬೇಡಿ ಮೇಡಂ, ಆರ್ಡರ್ ಕೊಡಿ."

ಡಾಕ್ಟರ್ ನಗಲಿಲ್ಲ. ನೆಟ್ಟಗೆ ನಿಂತು, "ಹವಾಲ್ದಾರ್ ಮಂಜುನಾಥ್, ರಿಪೋರ್ಟ್ ಕೊಡಿ," ಅಂದರು.

ಸೂರು ನೋಡುತ್ತಾ ಕೊಟ್ಟ, ಅಪ್ಪಾ. "ಬಲಗಡೆ ಪಕ್ಕೆಲುಬಿನ ಕೆಳಗೆ ಮೇಡಂ. ಬೆನ್ನಿಗೆ ಹೋಗುತ್ತೆ. ನಿದ್ದೆ ಇಲ್ಲ. ಊಟ ನಿಲ್ತಿಲ್ಲ." ಕೊನೆಗೆ, "ಭಯ ಆಗ್ತಿದೆ," ಅಂದ. ನಮ್ಮ ಮನೆಯ ಗಂಡಸರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನೀವು ಇದ್ದಿದ್ದರೆ ಅವನನ್ನು ಗದರಿಸುತ್ತಿದ್ದಿರಾ, ಅಥವಾ...

ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು ಉಳಿದದ್ದನ್ನು ಹೇಳಿದರು. ಇನ್ನು ಕೀಮೋದಿಂದ ಉಪಯೋಗವಿಲ್ಲ. ಗುಣವಾಗುವುದಿಲ್ಲ. ನೋವು ಕಡಿಮೆ ಮಾಡಬಹುದು, ಅಷ್ಟೆ.

"ಎಷ್ಟು ಕಡಿಮೆ ಆಗುತ್ತೆ?" ಎಂದು ಮಂಜು ಕೇಳಿದ.

"ನೀವು ಹೇಳ್ತಾ ಇರಿ, ನಾವು ಡೋಸ್ ಸರಿ ಮಾಡ್ತಾ ಹೋಗ್ತೀವಿ."

ಮಾರ್ಫಿನ್ ಅವತ್ತೇ ಶುರು ಮಾಡಿದರು. ನಿನ್ನೆ ಎರಡು ಸಲ ಅವನೇ ನರ್ಸನ್ನು ಕರೆದು ನೋವು ಎಂದನಂತೆ. ಸೋಮವಾರ ಬೆಳಿಗ್ಗೆ ಡಿಸ್ಚಾರ್ಜ್. ನಾನೂ ಸುಧಾಳೂ ಹೋಗಿ ಅವನನ್ನು ಮನೆಗೆ ಕರೆತರುತ್ತೇವೆ.